ಮಹಡಿ ಕೋಣೆಗೆ ಕೇರಂ: ಮೊದಲು ಫ್ಯಾನು ಕಳಚಿ

ಗಂಡಸರು ಮನೆಯಲ್ಲಿ ತಮಗೊಂದು ಆಟದ ಕೋಣೆ ಮಾಡಿಕೊಳ್ಳಲು ಹೊರಟರೆ ಮೊದಲು ತರುವುದು ದೊಡ್ಡ ಟಿವಿ, ಆಮೇಲೆ ಸೋಫಾ. ಅಲ್ಲಿಗೆ ಅದು ಮನೆಯ ಎರಡನೇ ಹಾಲ್ ಆಯಿತು, ಎಲ್ಲರೂ ಅಲ್ಲೇ. ಮ್ಯಾಚ್ ನೋಡಲು ಕೆಳಗಿನ ಟಿವಿ ಸಾಕು. ತಾರಸಿ ಮೇಲಿನ 10×12 ಅಡಿಯ ಕೋಣೆಗೆ ಒಪ್ಪುವ ಆಟ ಕೇರಂ. ಪೂಲ್ ಟೇಬಲ್ ಆಸೆ ಬಿಡಿ. ಕ್ಯೂ ಕೋಲೇ ಐದಡಿಯ ಹತ್ತಿರ ಇರುತ್ತದೆ, ಮೇಜಿನ ನಾಲ್ಕೂ ಕಡೆ ಅಷ್ಟು ಜಾಗ ಬೇಕು. ಟೇಬಲ್ ಟೆನಿಸ್ ಮೇಜು 9 ಅಡಿ ಉದ್ದ. ಎರಡೂ ತುದಿಗೆ ಒಂದೂವರೆ ಅಡಿ ಉಳಿದರೆ ಆಡುವವರು ಗೋಡೆಗೆ ಬೆನ್ನು ಉಜ್ಜಿಕೊಂಡೇ ನಿಲ್ಲಬೇಕು.

ಬಣ್ಣ, ಪರದೆ ನಿಮ್ಮಿಷ್ಟ. ಬಿಸಿಲು ನೇರ ಬೀಳುವ ತಾರಸಿಯಾದರೆ ಮೇಲುಗಡೆ ಎರಡು ಕೋಟ್ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ.

ಈಗ ಅಳತೆ. ಬೋರ್ಡಿನ ಆಟದ ಮೈ 29×29 ಇಂಚು, ಚೌಕಟ್ಟು ಸೇರಿ ಪ್ರತಿ ಬದಿ ಸುಮಾರು 35 ಇಂಚು. ಕುರ್ಚಿಗೆ, ಮೊಣಕೈಗೆ ಪ್ರತಿ ಬದಿಯಲ್ಲೂ ಎರಡೂವರೆ ಅಡಿ. ಒಟ್ಟು 8×8 ಅಡಿ ಜಾಗ ಬೇಕು. ಇದನ್ನು ಬಾಗಿಲಿಲ್ಲದ 10 ಅಡಿ ಗೋಡೆಯ ಕಡೆಗೆ ಒತ್ತಿದರೆ, ಇನ್ನೊಂದು ತುದಿಯಲ್ಲಿ 4 ಅಡಿ ಅಗಲದ ಪಟ್ಟಿ ಉಳಿಯುತ್ತದೆ. ಓಡಾಟಕ್ಕೆ, ತಮ್ಮ ಸರದಿ ಕಾಯುವವರ ಎರಡು ಬೆತ್ತದ ಕುರ್ಚಿಗೆ ಅದು ಸಾಕು.

ಬಹುತೇಕರು ಎಡವುವುದು ಬೋರ್ಡಿನ ನಡುವಿಗೆ ಸರಿಯಾಗಿ ಮೇಲಿನಿಂದ ನೇತುಹಾಕುವ ದೀಪದಲ್ಲಿ. ಸ್ವಲ್ಪ ತಾಳ್ಮೆಯಿಂದ ಓದಿ. ನಮ್ಮ ಕೋಣೆಗಳಲ್ಲಿ ಫ್ಯಾನಿನ ಕೊಕ್ಕೆ ನಟ್ಟನಡುವೆ ಇರುತ್ತದೆ. ಬೋರ್ಡನ್ನು ಅದರ ಕೆಳಗಿಟ್ಟರೆ ಪೌಡರ್ ಹಾರುತ್ತದೆ, ರೆಕ್ಕೆಯ ನೆರಳು ಬೋರ್ಡಿನ ಮೇಲೆ ಪಟಪಟ ಬಡಿಯುತ್ತದೆ. ಬೋರ್ಡನ್ನು ಗೋಡೆಯ ಕಡೆ ಸರಿಸಿದರೂ ಕೆಲಸ ಮುಗಿಯಲಿಲ್ಲ. ಬೋರ್ಡಿನ ನಡು ಗೋಡೆಯಿಂದ 4 ಅಡಿಗೆ ಬಂತು, ಫ್ಯಾನಿನ ನಡು 6 ಅಡಿಯಲ್ಲಿದೆ. 48 ಇಂಚಿನ ಫ್ಯಾನಿನ ರೆಕ್ಕೆ ಎರಡು ಅಡಿ ಚಾಚುವುದರಿಂದ, ದೀಪದ ವೈರು ಸರಿಯಾಗಿ ರೆಕ್ಕೆಯ ತುದಿಗೇ ಸಿಗುತ್ತದೆ. ಹಾಗಾಗಿ ಫ್ಯಾನು ಕಳಚಿ. ಬಾಗಿಲ ಕಡೆಯ ಗೋಡೆಗೆ 7 ಅಡಿ ಎತ್ತರದಲ್ಲಿ 16 ಇಂಚಿನ ವಾಲ್ ಫ್ಯಾನ್ ಹಾಕಿ, ಗಾಳಿ ತಲೆಯ ಮೇಲೆ ಹಾಯುವಂತೆ ಮುಖ ತುಸು ಎತ್ತಿಡಿ.

ದೀಪಕ್ಕೆ ಆರ್‌ಸಿಸಿ (ಕಾಂಕ್ರೀಟ್) ಛಾವಣಿಗೇ ಆಂಕರ್ ಬೋಲ್ಟ್ ಹೊಡೆಸಿ, ಪಿಓಪಿ (ಪ್ಲಾಸ್ಟರ್) ಸೀಲಿಂಗಿಗೆ ನೇತುಹಾಕಬೇಡಿ. 16 ಇಂಚು ಅಗಲದ, ಗಂಟೆಯಾಕಾರದ, ಒಳಗೆ ಬಿಳಿ ಬಳಿದ ತಗಡಿನ ಶೇಡ್ ತನ್ನಿ. ಬಲ್ಬು ಶೇಡಿನ ಅಂಚಿಗಿಂತ 8 ಇಂಚು ಒಳಗಿರಬೇಕು. ಅಂಗಡಿಯಲ್ಲಿ ಚೆಂದ ಕಾಣುವ ಚಪ್ಪಟೆ ಶೇಡಿನಲ್ಲಿ ಬಲ್ಬು ನೇರ ಕಣ್ಣಿಗೇ ಹೊಡೆಯುತ್ತದೆ, ಅರ್ಧ ಗಂಟೆಗೇ ತಲೆನೋವು. ಅಂಚು ಬೋರ್ಡಿಗಿಂತ 33 ಇಂಚು ಮೇಲಿರಲಿ. ಇನ್ನೂ ಎತ್ತರಿಸಿದರೆ ಬಲ್ಬು ಮತ್ತೆ ಕಣ್ಣಿಗೆ ಬೀಳುತ್ತದೆ. ಇಳಿಸಿದರೆ ಬಗ್ಗಿ ಹೊಡೆಯುವವರ ಹಣೆಗೆ ತಾಗುತ್ತದೆ. ಸರಪಳಿಗೆ ಎಸ್ ಕೊಕ್ಕೆ ಹಾಕಿದರೆ ಆಟ ಮುಗಿದ ಮೇಲೆ ಎತ್ತಿ ಕಟ್ಟಬಹುದು. 12 ವ್ಯಾಟಿನ ಎಲ್‌ಇಡಿ ಸಾಕು. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ದಪ್ಪ ಪಟ್ಟೆಗಳು ಓಡುವ ಬಲ್ಬು ಬೇಡ, ಅದು ಮಿನುಗುತ್ತಿದೆ ಎಂದೇ ಅರ್ಥ. ಕಡೆಗೆ ನಾಲ್ಕು ಪಾಕೆಟ್ಟಿನ ಪಕ್ಕ ಒಂದೊಂದು ಕಾಯಿನ್ ಇಟ್ಟು ನೋಡಿ. ನಾಲ್ಕರ ನೆರಳೂ ಒಂದೇ ಉದ್ದ ಬಂದರೆ ದೀಪ ನಡುವಿಗೆ ಬಂದಿದೆ.

ಬೋರ್ಡು ಕೊಳ್ಳುವಾಗ ಪ್ಲೈವುಡ್ ದಪ್ಪ ಕೇಳಿ. 8 ಮಿ.ಮೀ.ಗಿಂತ ತೆಳುವಾದದ್ದು ನಡುವೆ ತಗ್ಗುತ್ತದೆ, ಮಕ್ಕಳ ಆಟಿಕೆಗಷ್ಟೇ ಸರಿ. ಸ್ಟ್ಯಾಂಡ್ ಎತ್ತರ 63ರಿಂದ 70 ಸೆಂ.ಮೀ., ಕುರ್ಚಿ 40ರಿಂದ 50. ಕೈಯಿರುವ ಕುರ್ಚಿ ಬೇಡ, ಮೊಣಕೈಗೆ ಅಡ್ಡ ಬರುತ್ತದೆ.

ಮಹಡಿ ಕೋಣೆಯ ನೆಲ ನೀರು ಹರಿಯಲೆಂದು ಒಂದು ಕಡೆ ಇಳಿಜಾರಿರುವುದು ಸಾಮಾನ್ಯ. ರಸಮಟ್ಟವನ್ನು (ಸ್ಪಿರಿಟ್ ಲೆವೆಲ್) ಬೋರ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಕ್ಕೆ ಇಟ್ಟು ನೋಡಿ, ತಗ್ಗಿರುವ ಕಾಲಿನ ಕೆಳಗೆ ಗಟ್ಟಿ ರಬ್ಬರ್ ಶೀಟಿನ ತುಂಡು ಕೊಡಿ. ಮಡಚಿದ ಪೇಪರ್ ನಾಲ್ಕು ದಿನಕ್ಕೆ ಚಪ್ಪಟೆಯಾಗಿ ಬೋರ್ಡು ಮತ್ತೆ ವಾಲುತ್ತದೆ. ರಬ್ಬರ್ ಇದ್ದರೆ ರಾತ್ರಿ ಕೆಳಗೆ ಮಲಗಿದವರಿಗೆ ಟಕಟಕ ಸದ್ದೂ ಕಡಿಮೆ.

ಪೌಡರ್ ಎಂದರೆ ಬೋರಿಕ್ ಪೌಡರ್. ಮುಖಕ್ಕೆ ಹಚ್ಚುವ ಪೌಡರ್ ಸುರಿದು ಬೋರ್ಡು ಅಂಟು ಮಾಡಬೇಡಿ. ಬೋರಿಕ್ ಹೊಟ್ಟೆಗೆ ಹೋದರೆ ವಿಷ, ಡಬ್ಬಿ ಮಕ್ಕಳ ಕೈಗೆ ಸಿಗಬಾರದು. ಆಟವಾದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೋರ್ಡನ್ನು ಗೋಡೆಗೆ ಓರೆಯಾಗಿ ಒರಗಿಸಿಟ್ಟರೆ ತೇವ ಹೀರಿ ಬಾಗುತ್ತದೆ. ಸ್ಟ್ಯಾಂಡಿನ ಮೇಲೇ ಮಲಗಿಸಿ, ಬಟ್ಟೆ ಹೊದಿಸಿಡಿ.