ತಾರಸಿಯ ರೋಸ್‌ಮೆರಿ: ಬೇಸಿಗೆಗೊಂದು ಬಗೆ, ಮಳೆಗಾಲಕ್ಕೊಂದು ಬಗೆ

ಮೆಡಿಟರೇನಿಯನ್ ಕಡಲ ಸುತ್ತಿನ ಒಣನೆಲದಿಂದ ಬಂದ ರೋಸ್‌ಮೆರಿ ನಮ್ಮ ತುಳಸಿ, ಪುದೀನಗಳ ಕುಟುಂಬಕ್ಕೆ ಸೇರಿದ ಗಿಡ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಬಿಸಿಲು, ಚಳಿ ಎರಡನ್ನೂ ಅದು ತಾಳಿಕೊಳ್ಳುತ್ತದೆ. ಬುಡದಲ್ಲಿ ನಿಲ್ಲುವ ನೀರನ್ನು ಮಾತ್ರ ಸಹಿಸದು. ಕೆಂಪು ಮಣ್ಣಿಗೆ ಸಾಕಷ್ಟು ಮರಳು ಬೆರೆಸಿದ ಕುಂಡದಲ್ಲಿ ನನ್ನ ಗಿಡಗಳು ಚೆನ್ನಾಗಿ ಬೆಳೆದಿವೆ. ಬೆಳೆಸುವುದಕ್ಕಿಂತ ಹೆಚ್ಚಿನ ವಿಚಾರ ಬೇಡುವುದು ಕೊಯ್ದ ಸೊಪ್ಪನ್ನು ಕಾಪಾಡುವ ಕೆಲಸ, ಮತ್ತು ಅದನ್ನು ನಿರ್ಧರಿಸುವುದು ಗಾಳಿಯಲ್ಲಿರುವ ತೇವ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಾನು ಒಣಗಿಸುತ್ತೇನೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ಹಸಿರೆಲೆ ಇರುವ ಎಳೆಯ ಕಡ್ಡಿಗಳನ್ನಷ್ಟೇ ಕತ್ತರಿಸುತ್ತೇನೆ. ಎಲೆಯಿಲ್ಲದ ಬಲಿತ ಕಾಂಡದವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದು ಕಷ್ಟ. ಒಂದು ಸಲಕ್ಕೆ ಗಿಡದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಸಣ್ಣ ಸಣ್ಣ ಕಟ್ಟು ಮಾಡಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಒಂದೆರಡು ವಾರದಲ್ಲಿ ಎಲೆ ಮುರಿದಾಗ ಚಟ್ಟೆನ್ನುವಷ್ಟು ಒಣಗುತ್ತದೆ. ಸಿನಿಯೋಲ್, ಕರ್ಪೂರ, ಪೈನೀನ್ ಮುಂತಾದ ಪರಿಮಳದ ಅಂಶಗಳು ಸುಲಭವಾಗಿ ಆವಿಯಾಗುವುದರಿಂದ ಹಪ್ಪಳ, ಸಂಡಿಗೆಯಂತೆ ಇದನ್ನು ಬಿಸಿಲಿಗೆ ಹರಡಬಾರದು. ಇದೇ ಕಾರಣಕ್ಕೆ ಪುಡಿ ಮಾಡಿಡುವುದನ್ನೂ ನಾನು ಒಪ್ಪುವುದಿಲ್ಲ: ಇಡೀ ಎಲೆಯನ್ನೇ ಗಾಜಿನ ಭರಣಿಯಲ್ಲಿ ಕತ್ತಲೆಯಲ್ಲಿಟ್ಟು, ಬೇಕಾದಾಗ ಅಂಗೈಯಲ್ಲಿ ತಿಕ್ಕಿ ಹಾಕುತ್ತೇನೆ. ತುಂಬಿದ ಮೊದಲ ಕೆಲವು ದಿನ ಭರಣಿಯ ಒಳಗೋಡೆಯಲ್ಲಿ ತೇವ ಕಂಡರೆ ಎಲೆಯನ್ನು ಹೊರತೆಗೆದು ಮತ್ತೆ ಒಣಗಿಸಲೇಬೇಕು.

ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಕ್ರಮ ನಡೆಯದು, ಏಕೆಂದರೆ ಕಟ್ಟಿನ ನಡುವಿನ ಎಲೆ ಒಣಗುವ ಮೊದಲೇ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಆಗ ಸೊಪ್ಪನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಸಣ್ಣಗೆ ಹೆಚ್ಚಿ, ಐಸ್ ಟ್ರೇಯ ಗುಳಿಗಳಿಗೆ ತುಂಬಿ, ಮೇಲೆ ಕರಗಿಸಿದ ತುಪ್ಪ ಸುರಿದು ಫ್ರೀಜರ್‌ನಲ್ಲಿಡುತ್ತೇನೆ. ಇದನ್ನು ಫ್ರೀಜರ್‌ನಿಂದ ನೇರವಾಗಿ ಬಾಣಲೆಗೇ ಹಾಕಬೇಕು. ಹಸಿ ಸೊಪ್ಪನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಇಡುವುದು ನೋಡಲು ಚೆಂದ, ಆದರೆ ಅಪಾಯಕರ: ಗಾಳಿಯಿಲ್ಲದ, ಹುಳಿಯಿಲ್ಲದ ಅಂಥ ತೇವದಲ್ಲಿ ಬೊಟುಲಿಸಂ ಎಂಬ, ಆಹಾರದ ವಿಷದಿಂದ ಬರುವ ಗಂಭೀರ ಕಾಯಿಲೆಯನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದರ ವಿಷ ವಾಸನೆಯಿಂದಾಗಲಿ ರುಚಿಯಿಂದಾಗಲಿ ತಿಳಿಯದೆ ಇರಬಹುದು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಗೂ ಪೂರ್ತಿ ಒಣಗಿದ ಎಲೆಯನ್ನೇ ಬಳಸುತ್ತೇನೆ. ಹಸಿ ಎಲೆಯ ನೀರಿನಂಶ ಎಣ್ಣೆಯನ್ನು ಬೇಗ ಕೆಡಿಸುತ್ತದೆ.

ಅಡುಗೆಯಲ್ಲಿ ಒಂದು ದೊಡ್ಡ ಚಮಚ ಹಸಿ ಎಲೆಗೆ ಒಂದು ಸಣ್ಣ ಚಮಚ ಒಣಗಿದ್ದು ಸಾಕು. ಆಲೂಗಡ್ಡೆ, ಸಿಹಿಗುಂಬಳ, ಅಣಬೆ, ಬೆಳ್ಳುಳ್ಳಿ ಹಾಕಿ ಹುರಿದ ಕಡಲೆಕಾಯಿ ಬೀಜ, ಇವೆಲ್ಲಕ್ಕೂ ಅದು ಒಗ್ಗುತ್ತದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಮೇಲೆ ಉರಿ ತಗ್ಗಿಸಿಯೇ ಹಾಕಬೇಕು, ಸೀದರೆ ಕಹಿಯಾಗುತ್ತದೆ. ಅವರೆಕಾಳಿನ ಸಾರಿಗೆ ಮಾತ್ರ ನಾನು ಎಂದೂ ಹಾಕುವುದಿಲ್ಲ. ಸೊಗಡಿನ ಅವರೆಗೆ ತನ್ನದೇ ಪರಿಮಳವಿದೆ, ರೋಸ್‌ಮೆರಿ ಅದನ್ನು ಮುಚ್ಚಿಹಾಕುತ್ತದೆ. ಎಲೆ ಉದುರಿಸಿದ ಮೇಲೆ ಉಳಿಯುವ ಗಟ್ಟಿ ಕಡ್ಡಿಗಳನ್ನು ನೀರಿನಲ್ಲಿ ನೆನೆಸಿ, ಪನೀರ್ ಮತ್ತು ದೊಣ್ಣೆಮೆಣಸಿನಕಾಯಿ ಚುಚ್ಚಿ ಕೆಂಡದ ಮೇಲೆ ಸುಡಲು ಬಳಸುತ್ತೇನೆ.