ತಾಯಿಯ ಕಣ್ಣು, ಗಿರವಿ ಅಂಗಡಿಯವನ ಕಣ್ಣು

ಇಂಗ್ಲಿಷ್ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಮಗಳನ್ನು ಬೀಳ್ಕೊಡುವ ತಾಯಿಯ ಕಣ್ಣುಗಳಿಗೆ ಅಲ್ಲಿ ‘ಗ್ಲಿಸನ್’ ಎಂಬ ಕ್ರಿಯಾಪದವಿತ್ತು. ನಾಲ್ಕು ಪುಟ ದಾಟಿದರೆ, ಅವಳ ಉಂಗುರವನ್ನು ತೂಗುವ ಗಿರವಿ ಅಂಗಡಿಯವನ ಕಣ್ಣುಗಳಿಗೆ ‘ಗ್ಲಿಟರ್’. ಎರಡಕ್ಕೂ ‘ಮಿನುಗಿದವು’ ಎಂದು ಬರೆದು ಮುಂದೆ ಹೋಗಿದ್ದೆ. ಕರಡನ್ನು ಗಟ್ಟಿಯಾಗಿ ಓದಿದಾಗ ಎದೆ ಧಸಕ್ಕೆಂದಿತು. ಅಳು ನುಂಗಿ ನಿಂತವಳಿಗೂ ಬಡ್ಡಿ ಎಣಿಸುವವನಿಗೂ ಒಂದೇ ನೋಟ ಕೊಟ್ಟುಬಿಟ್ಟಿದ್ದೆ!

ನನ್ನ ಬಳಿಯಿದ್ದ ನಿಘಂಟು ಎರಡಕ್ಕೂ ಹೊಳೆ, ಥಳಥಳಿಸು ಎಂದಷ್ಟೇ ಹೇಳಿತು. ಹಾಗಾಗಿ ಆ ಪದಗಳು ಯಾವ ವಸ್ತುಗಳ ಜೊತೆ ಬರುತ್ತವೆಂದು ಓದಿದಲ್ಲೆಲ್ಲ ಗುರುತು ಹಾಕಿಕೊಳ್ಳತೊಡಗಿದೆ. ಬೆವರು, ಇಬ್ಬನಿ, ಕಣ್ಣೀರು, ಮಳೆ ನಿಂತ ರಸ್ತೆ, ಎಣ್ಣೆ ಹಚ್ಚಿದ ಮೈ ಗ್ಲಿಸನ್ ಕಡೆಗೆ ಬಂದವು. ವಜ್ರ, ಜರಿ, ಒಡೆದ ಗಾಜು ಗ್ಲಿಟರ್ ಕಡೆಗೆ. ಒಂದು ಒದ್ದೆ, ಇನ್ನೊಂದು ಒಣ ಎಂದು ತೀರ್ಮಾನಿಸಿದೆ.

ಆದರೆ ಬಿಸಿಲಿನ ಕಡಲಿಗೂ ಗ್ಲಿಟರ್ ಎನ್ನುತ್ತಾರೆ. 1954ರಲ್ಲಿ ಕಾಕ್ಸ್ ಮತ್ತು ಮಂಕ್ ಎಂಬ ವಿಜ್ಞಾನಿಗಳು ವಿಮಾನದಿಂದ ತೆಗೆದ ಕಡಲಿನ ಚಿತ್ರಗಳಿಂದ ಅಲೆಗಳ ಇಳಿಜಾರನ್ನು ಲೆಕ್ಕಹಾಕಿದಾಗ, ಪ್ರಬಂಧದ ಶೀರ್ಷಿಕೆಯಲ್ಲೇ ಈ ಪದವನ್ನು ಇಟ್ಟರು. ಕಡಲಿಗಿಂತ ಒದ್ದೆಯಾದದ್ದು ಯಾವುದಿದೆ?

ಕೆರೆಯ ದಂಡೆಗೆ ಹೋಗಿ ಕುಳಿತಾಗ ಉತ್ತರ ಕಂಡಿತು. ಗಾಳಿಗೆ ಎದ್ದ ಒಂದೊಂದು ಕಿರು ಅಲೆಯೂ ಒಂದು ಕ್ಷಣ ಸೂರ್ಯನನ್ನು ನನ್ನ ಕಣ್ಣಿಗೆ ತಿರುಗಿಸಿ, ಆರುತ್ತಿತ್ತು. ನೂರಾರು ಚೂರುಗಳು. ದಂಡೆಯ ನೆನೆದ ಚಪ್ಪಡಿಯಲ್ಲಿ ಆ ಚೂರುಗಳಿರಲಿಲ್ಲ. ಕಲ್ಲಿನ ಒರಟನ್ನೆಲ್ಲ ನೀರು ತುಂಬಿ ನುಣುಪಾಗಿಸಿತ್ತು, ಬೆಳಕು ಮೆಲ್ಲನೆ ಹರಡಿಕೊಂಡಿತ್ತು. ಗ್ಲಿಟರ್‌ನಲ್ಲಿ ಬೆಳಕು ಒಡೆಯುತ್ತದೆ, ಗ್ಲಿಸನ್‌ನಲ್ಲಿ ಒಡೆಯುವುದಿಲ್ಲ. ಗ್ಲಿಸನ್ ಹೆಚ್ಚಾಗಿ ಒದ್ದೆಯ ಜೊತೆ ಬರುವುದು ಇದೇ ಕಾರಣಕ್ಕೆ.

(ಇಂಗ್ಲಿಷರ ಬಾಯಲ್ಲೂ ಈ ಕುಟುಂಬದ ಪದಗಳು ಅದಲುಬದಲಾಗಿವೆ. ಹೊಳೆಯುವುದೆಲ್ಲ ಚಿನ್ನವಲ್ಲ ಎಂಬ ಮಾತಿಗೆ ಷೇಕ್ಸ್‌ಪಿಯರ್ ಬಳಸಿದ್ದು ‘ಗ್ಲಿಸ್ಟರ್’; ಇಂದು ಬಳಕೆಯಲ್ಲಿರುವುದು ಗ್ಲಿಟರ್.)

ಕನ್ನಡದಲ್ಲಿ ಇದಕ್ಕೆ ಪದಗಳ ಬಡತನವಿಲ್ಲ. ಎಣ್ಣೆಯ ಮೈಗೆ ಮಿರಮಿರ ಮಿಂಚುವುದು ಎನ್ನಬಹುದು. ಮಿನುಗುವುದನ್ನು ನಕ್ಷತ್ರಗಳಿಗೆ, ದೂರದ ದೀಪಗಳಿಗೆ ಬಿಟ್ಟುಕೊಟ್ಟೆ. ಗಿರವಿ ಅಂಗಡಿಯವನ ಕಣ್ಣುಗಳು ಫಳಫಳಿಸಿದವು. ತಾಯಿಯದು ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ‘ಕಣ್ಣು ತುಂಬಿ ಬಂತು’ ಎಂದರೆ ಬೆಳಕು ಹೋಗುತ್ತದೆ, ಬರಿದೇ ‘ಹೊಳೆದವು’ ಎಂದರೆ ಅಳು ಹೋಗುತ್ತದೆ. ಎರಡು ದಿನಗಳ ನಂತರ ಬರೆದೆ: ಅವಳ ಕಣ್ಣಂಚಿನಲ್ಲಿ ನೀರು ಹೊಳೆಯಿತು.