ಚಪ್ಪಡಿ ಮನೆ ರಿಪೇರಿ: ಮೊದಲು ನೀರು, ಆಮೇಲೆ ಬಣ್ಣ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಗಳಲ್ಲಿ ತಾತನ ಕಾಲದ ಪುಟ್ಟ ಚಪ್ಪಡಿ ಮನೆಗಳು ಇನ್ನೂ ಇವೆ. 10 ಅಡಿ ಅಗಲ, 20 ಅಡಿ ಉದ್ದ, ದಪ್ಪ ಮಣ್ಣಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಬೀಗ ಹಾಕಿ ಬೆಂಗಳೂರು ಸೇರಿದವರು ಈಗ ಶನಿವಾರ, ಭಾನುವಾರವಾದರೂ ಬಂದು ಇರೋಣ ಅಂತ ಅದನ್ನು ಸರಿಮಾಡಲು ಹೊರಡುತ್ತಾರೆ. ಹೊರಟವರು ಸೀದಾ ಹೋಗೋದು ಪೇಂಟ್ ಅಂಗಡಿಗೆ. ಬೇಡ. ಇಂಥ ಮನೆಯ ಮುಕ್ಕಾಲು ತಲೆನೋವು ನೀರಿನದ್ದು. ಅದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವ ತನಕ ಅಂದಚೆಂದಕ್ಕೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ಅದಕ್ಕೂ ಮುಂಚೆ ಪಂಚಾಯ್ತಿಯಲ್ಲಿ ಮನೆಯ ಆಸ್ತಿ ದಾಖಲೆ, ಅಂದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಯಾರ ಹೆಸರಿನಲ್ಲಿವೆ ನೋಡಿಕೊಳ್ಳಿ. ಅಣ್ಣತಮ್ಮಂದಿರ ಪಾಲು ಆಗದ ಮನೆಗೆ ಕೈ ಹಾಕಿದರೆ ಗಾರೆ ಒಣಗುವ ಮೊದಲೇ ಜಗಳ ಶುರುವಾಗುತ್ತದೆ.

ನಮ್ಮ ಕಡೆ ಮಳೆ ಜೋರಾಗುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಸೋರಿಕೆ ಹುಡುಕಲು ಅದೇ ಸರಿಯಾದ ಕಾಲ. ರಿಪೇರಿಗೆ ಸಂಕ್ರಾಂತಿಯಿಂದ ಯುಗಾದಿವರೆಗೆ. ಮಳೆ ಬರುವಾಗ ಟಾರ್ಚು, ಸೀಮೆಸುಣ್ಣ ಹಿಡಿದು ಒಳಗೆ ನಿಂತು, ಒದ್ದೆಯಾದ ಕಡೆಯೆಲ್ಲ ಗುರುತು ಹಾಕಿ, ಪ್ರತಿಯೊಂದು ಗುರುತೂ ಎರಡು ಗೋಡೆಗಳಿಂದ ಎಷ್ಟು ದೂರ ಅಂತ ಟೇಪು ಹಿಡಿದು ಬರೆದಿಟ್ಟುಕೊಂಡರೆ, ಆಮೇಲೆ ಮೇಲೆ ಹತ್ತಿದಾಗ ಜಾಗ ಹುಡುಕಲು ಒದ್ದಾಡಬೇಕಿಲ್ಲ. ನೀರು ಇಳಿದ ಜಾಗದಲ್ಲೇ ತೊಟ್ಟಿಕ್ಕುತ್ತದೆ ಅಂತೇನಿಲ್ಲ. ಸಂದಿನ ಉದ್ದಕ್ಕೂ ಹರಿದು ಎಲ್ಲೋ ಬೀಳುತ್ತದೆ. ಅದಕ್ಕೇ ಗುರುತಿನ ಆಚೀಚೆ ಮೂರು ನಾಲ್ಕು ಅಡಿ ನೋಡಿ.

ಸಾಮಾನ್ಯವಾಗಿ ಚಪ್ಪಡಿ ಸೋರುವುದಿಲ್ಲ, ಸಂದು ಸೋರುತ್ತದೆ. ಮೊದಲು ಸಂದಿನಲ್ಲಿ ಹುಟ್ಟಿರುವ ಅರಳಿ, ಆಲದ ಸಸಿಗಳನ್ನು ಬೇರು ಸಮೇತ ಕೀಳಿ. ಮೇಲೆ ಕತ್ತರಿಸಿ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಹಾಜರ್. ಆಮೇಲೆ ಉಳಿ, ಸುತ್ತಿಗೆ ಹಿಡಿದು ಹಳೇ ಗಾರೆಯನ್ನು ಒಂದೂವರೆ ಇಂಚು ಆಳದವರೆಗೆ ಕೆತ್ತಿ ತೆಗೆಯಿರಿ. ಬೇಸರದ ಕೆಲಸ ನಿಜ, ಆದರೆ ಇದನ್ನು ಅರ್ಧಂಬರ್ಧ ಮಾಡಿ ಮೇಲೆ ಸಿಮೆಂಟ್ ಸವರಿದರೆ ಒಂದೇ ಬೇಸಿಗೆಗೆ ಎದ್ದು ಬರುತ್ತದೆ. ಬ್ರಷ್‌ನಿಂದ ಧೂಳು ತೆಗೆದು ನೀರು ಹಾಕಿ ತೊಳೆಯಿರಿ. ಕಲ್ಲು ತೇವವಾಗಿರಬೇಕು, ನೀರು ನಿಂತಿರಬಾರದು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ಜೊತೆಗೆ ವಾಟರ್‌ಪ್ರೂಫ್ ದ್ರವ. ದ್ರವ ಎಷ್ಟು ಅಂತ ಡಬ್ಬದ ಮೇಲೆ ಬರೆದಿರುತ್ತದೆ, ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಆಗಲ್ಲ. ಕಲಸಿದ್ದನ್ನು ಕರಣೆಯ ತುದಿಯಿಂದ ಒತ್ತಿ ಒತ್ತಿ ಎರಡು ಸಲ ತುಂಬಿ. ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಒಂದು ವಾರ ಅದು ಒಣಗದ ಹಾಗೆ ನೀರು ಹಾಕುತ್ತಿರಿ. ಭಾನುವಾರ ಮಾತ್ರ ಬರುವವರು ಪಕ್ಕದ ಮನೆ ಅಕ್ಕನಿಗೆ ಹೇಳಿ ಹೋಗಿ.

ವಾಟ ನೋಡಿಕೊಳ್ಳೋದು ಮರೆಯಬೇಡಿ. 10 ಅಡಿಗೆ ಎರಡು, ಎರಡೂವರೆ ಇಂಚು ಇಳಿಜಾರು ಸಾಕು. ನೀರು ಬೀಳುವ ಪೈಪು ಗೋಡೆಯಿಂದ ಒಂದಡಿಯಾದರೂ ಆಚೆ ಚಾಚಿರಲಿ. ಕೊನೆಗೆ ಮಾಳಿಗೆಗೆ ಬಿಳಿ ಸುಣ್ಣ ಬಳಿದರೆ ಏಪ್ರಿಲ್ ಬಿಸಿಲಿನಲ್ಲಿ ಒಳಗಿನ ಕಾವು ಕಮ್ಮಿಯಾಗುತ್ತದೆ.

ಚಪ್ಪಡಿಯೇ ಅಡ್ಡಡ್ಡ ಸೀಳಿದ್ದರೆ ಮಾತ್ರ ನೀವು ಕೈ ಹಾಕಬೇಡಿ. 7 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪದ ಒಂದು ಚಪ್ಪಡಿ ಸುಮಾರು 350 ಕೆ.ಜಿ. ತೂಗುತ್ತದೆ. ಕೆಳಗಿನಿಂದ ಆಸರೆ ಕೊಟ್ಟು ಕಲ್ಲು ಕೆಲಸದವರನ್ನು ಕರೆಸಿ. ಹಾಗೆಯೇ ಹಾಲ್ ದೊಡ್ಡದಾಗಲಿ ಅಂತ ನಡುಗೋಡೆ ಒಡೆಯುವ ಆಸೆ ಇದ್ದರೆ ಬಿಟ್ಟುಬಿಡಿ. ಚಪ್ಪಡಿಗಳ ತುದಿ ಕೂತಿರೋದೇ ಅದರ ಮೇಲೆ.

ಇನ್ನು ಗೋಡೆ. ಬೆರಳಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಬಿಟ್ಟುಕೊಂಡಿದೆ ಅಂತ ಲೆಕ್ಕ. ಮೇಸ್ತ್ರಿ ಬಂದವರೇ "ಸಿಮೆಂಟ್ ಹೊಡೆದುಬಿಡೋಣ ಸಾರ್, ಗಟ್ಟಿ ಇರುತ್ತೆ" ಅಂತಾರೆ. ಮಣ್ಣಿನ ಗೋಡೆಗೆ ಅದು ಆಗಿಬರಲ್ಲ. ನೆಲದ ತೇವ ಗೋಡೆಗೆ ಏರುತ್ತಲೇ ಇರುತ್ತದೆ, ಮೊದಲೆಲ್ಲ ಅದು ಗೋಡೆಯಿಂದ ಆರಿಹೋಗುತ್ತಿತ್ತು, ಸಿಮೆಂಟ್ ಹೊದಿಸಿದ ಮೇಲೆ ಒಳಗೇ ಉಳಿದು ಉಪ್ಪು ಏಳಿಸಿ, ಮಣ್ಣನ್ನೂ ಸೇರಿಸಿ ಹಲಗೆ ಹಲಗೆಯಾಗಿ ಉದುರುತ್ತದೆ. ಒಂದು ಪಾಲು ನೆನೆದ ಸುಣ್ಣ, ಮೂರು ಪಾಲು ಮರಳಿನ ಗಾರೆ ಹಾಕಿಸಿ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಕಲಸಲು ಬೇರೆ ನೀರು ತನ್ನಿ.

ಸುಣ್ಣ ನೆನೆಸುವಾಗ ಹುಷಾರು. ಸುಟ್ಟ ಸುಣ್ಣದ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿದು ಎಗರುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು, ಮಕ್ಕಳು ದೂರ ಇರಲಿ. ಒಂದೆರಡು ವಾರ ನೆನೆಯಲು ಬಿಟ್ಟು ಜರಡಿ ಹಿಡಿಯಿರಿ.

ಗೋಡೆಯ ಬುಡದ ತೇವಕ್ಕೆ ಕಾರಣ ಎಷ್ಟೋ ಸಲ ಹೊರಗಿನ ರಸ್ತೆ. ಕಾಂಕ್ರೀಟ್ ರಸ್ತೆ ಮೇಲೆ ಕಾಂಕ್ರೀಟ್ ಹಾಕಿ ಹಾಕಿ ಊರ ಬೀದಿ ಏರಿದೆ, ಮನೆ ನೆಲ ತಗ್ಗಾಗಿದೆ. ಗೋಡೆ ಪಕ್ಕ ತುಂಬಿಕೊಂಡ ಮಣ್ಣನ್ನು ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಕ್ಕೆ ಇಳಿಸಿ, ಪಾಯ ಕಾಣುವಷ್ಟು ಅಗೆಯದೆ, ನೀರು ಆಚೆ ಹರಿಯುವ ಹಾಗೆ ಸಣ್ಣ ಚರಂಡಿ ಮಾಡಿ. ಸ್ನಾನದ ಮನೆಯನ್ನೂ ಮಣ್ಣಿನ ಗೋಡೆಗೆ ಅಂಟಿಸದೆ ಹಿತ್ತಲಲ್ಲೇ ಬೇರೆ ಕಟ್ಟಿಸಿ.

ಕರೆಂಟಿನ ವಿಷಯದಲ್ಲಿ ಸ್ವಂತ ಪ್ರಯೋಗ ಬೇಡ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಕೊಡಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು), ಸರಿಯಾದ ಅರ್ತಿಂಗ್ ಕೇಳಿ ಹಾಕಿಸಿ. ಗೋಡೆ ಕೊರೆಸದೆ ಪೈಪು ಹೊರಗಡೆಯೇ ಹೋಗಲಿ, ನೋಡಲು ಪರವಾಗಿಲ್ಲ.

ಜಾಗ ಚಿಕ್ಕದು ಅಂತ ಬೀರು ತರಬೇಡಿ. ದಪ್ಪ ಗೋಡೆಯಲ್ಲಿ ಗೂಡುಗಳಿವೆ, ಹಲಗೆ ಕೂರಿಸಿದರೆ ಪಾತ್ರೆ, ಪುಸ್ತಕ ಎಲ್ಲ ಹಿಡಿಯುತ್ತವೆ. ಹಳೇ ಬೆಳಕಿಂಡಿಗೆ ಗಟ್ಟಿ ಗಾಜು ಹಾಕಿಸಿ. ಹೊಸ ಬೆಳಕಿಂಡಿಗೆ ಚಪ್ಪಡಿ ಕೊರೆಯಬೇಡಿ.

ಬಣ್ಣ ಈಗ. ಸುಣ್ಣದ ಗಾರೆ ಮೇಲೆ ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಎರಡೂ ಬೇಡ, ಮತ್ತೆ ತೇವ ಕಟ್ಟಿಹಾಕಿದ ಹಾಗಾಗುತ್ತದೆ. ಗೋಡೆಗೆ ನೀರು ಚಿಮುಕಿಸಿ, ಗಂಜಿ ಬೆರೆಸಿದ ತೆಳು ಸುಣ್ಣವನ್ನು ಮೂರು ಸಲ ಬಳಿಯಿರಿ. ಬಳಿಯುವಾಗ ನೀರುನೀರಾಗಿ ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ, ಗಾಬರಿಯಾಗಿ ದಪ್ಪ ಬಳಿಯಬೇಡಿ. ಗಂಜಿ ಬೆರೆಸದೆ ಮಿಕ್ಕ ಸುಣ್ಣವನ್ನು ಡ್ರಮ್ಮಿಗೆ ಹಾಕಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ಹಳೆಯದಾದಷ್ಟೂ ಚೆನ್ನಾಗಿ ಹಿಡಿಯುತ್ತದೆ, ಮುಂದಿನ ಯುಗಾದಿಗೆ ಹೇಗೂ ಬೇಕು.